ವಾರ್ಸಾ ನಗರದ ಲೇಖನಿಧಿ

'ಇತಿಹಾಸ'ವೆಂಬ ಶಬ್ದವನ್ನು ಪಂಡಿತರು 'ಇತಿ ಹ ಆಸ' ಎಂದು ಬಿಡಿಸಿ, 'ಹೀಗೆಯೇ ಇದ್ದಿತು' ಎಂದು ಅರ್ಥ ಹೇಳುತ್ತಾರೆ. ಹೀಗೆ ಇದ್ದಿತೆಂದು ಹೇಳಬೇಕಾದರೆ ಕಂಡವನೊಬ್ಬನು ಉಳಿದಿರಬೇಕು. ಇಲ್ಲವೆ ಕಂಡವನ ಬರಹವಾದರೂ ಉಳಿದಿರಬೇಕು. ಈ ಎರಡೂ ಉಳಿಯಬಾರದೆಂಬ ಸಂಕಲ್ಪದಿಂದ ಒಂದು ಬಲಿಷ್ಠ ರಾಜ್ಯವು ಒಂದು ಜನಾಂಗದ ಮೇಲೆ ಬಿದ್ದರೆ ಆ ಜನರು ಮಾಡಬಹುದಾದುದು ಏನು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ಸರ್ಕಾರವೂ ಅದರ ಸಹಾಯಕರೂ ಕೂಡಿ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಹತರಾದವರಲ್ಲಿ ಅರ್ಧದಷ್ಟು ಮಂದಿ ಪೋಲೆಂಡು ದೇಶದವರು. ಇಂತಹ ಸಂಖ್ಯೆಗಳನ್ನು ಓದಿದಾಗ ಮನಸ್ಸು ಅವನ್ನು ಹಿಡಿಯಲಾರದೆ ಸುಮ್ಮನಾಗಿಬಿಡುತ್ತದೆ. ಆದರೆ ಪೋಲೆಂಡಿನ ರಾಜಧಾನಿಯಾದ ವಾರ್ಸಾ ನಗರದ ಯೆಹೂದ್ಯರು ಆ ಕಾಲವನ್ನು ಹೇಗೆ ಸಹಿಸಿದರು, ಏನನ್ನು ತಿಂದರು, ಯಾವುದಕ್ಕೆ ನಕ್ಕರು, ಯಾರನ್ನು ಶಪಿಸಿದರು ಎಂಬುದು ಇಂದು ದಿನದಿನದ ವಿವರಗಳೊಡನೆ ತಿಳಿದಿದೆ. ಅದಕ್ಕೆ ಕಾರಣ, ಅಲ್ಲಿಯ ಉಪಾಧ್ಯಾಯನೊಬ್ಬನು ಕಟ್ಟಿದ ಒಂದು ಗುಪ್ತಮಂಡಲಿ.

ಈ ಉಪಾಧ್ಯಾಯನ ಹೆಸರು ಎಮಾನುಯೆಲ್ ರಿಂಗೆಲ್‌ಬ್ಲೂಮ್. ಈತನು 1900ನೆಯ ಇಸವಿ ನವೆಂಬರ್ 21ನೆಯ ತಾರೀಖಿನಲ್ಲಿ, ಆಗ ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಗಲೀಷಿಯಾ ಪ್ರಾಂತದ ಬುಚಾಚ್ ಎಂಬ ಊರಿನಲ್ಲಿ ಜನಿಸಿದನು. ವಾರ್ಸಾ ವಿಶ್ವವಿದ್ಯಾನಿಲಯದಲ್ಲಿ ಓದಿ, ಮಧ್ಯಯುಗದಲ್ಲಿ ಆ ನಗರದ ಯೆಹೂದ್ಯರು ಹೇಗೆ ಬಾಳಿದರೆಂಬುದನ್ನು ಕುರಿತು ಪ್ರಬಂಧವನ್ನು ಬರೆದು 1927ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಜೀವನಕ್ಕಾಗಿ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಚರಿತ್ರೆಯನ್ನು ಬೋಧಿಸುತ್ತಿದ್ದನು. ಗುರುಗಳ ಮತ್ತು ಧನಿಕರ ವೃತ್ತಾಂತವೊಂದೇ ಜನಾಂಗದ ಚರಿತ್ರೆಯಾಗದು, ಚಮ್ಮಾರನ, ದರ್ಜಿಯ, ಸಂತೆಯಲ್ಲಿ ತರಕಾರಿ ಮಾರುವ ಹೆಂಗಸಿನ ಬಾಳೂ ಅದರಲ್ಲಿ ಬರಬೇಕು ಎಂಬುದು ಆತನ ಮತವಾಗಿದ್ದಿತು. ಊರೂರಿನ ಸಾಮಾನ್ಯ ಜನರೇ ಹಾಡು, ಗಾದೆ, ಪತ್ರ, ಲೆಕ್ಕದ ಪುಸ್ತಕಗಳನ್ನು ಕೂಡಿಸಿ ವಿದ್ವಾಂಸರಿಗೆ ಒಪ್ಪಿಸುವ ಪದ್ಧತಿಯು ಪೂರ್ವ ಯೂರೋಪಿನ ಯೆಹೂದ್ಯರಲ್ಲಿ ಯುದ್ಧಕ್ಕೆ ಮುಂಚಿನಿಂದಲೂ ಇದ್ದಿತು. 1938ರ ಅಕ್ಟೋಬರಿನಲ್ಲಿ ಜರ್ಮನಿಯು ಪೋಲೆಂಡಿನ ಪ್ರಜೆಗಳಾಗಿದ್ದ ಸಾವಿರಾರು ಯೆಹೂದ್ಯರನ್ನು ಗಡಿಯಾಚೆ ದೂಡಿದಾಗ ರಿಂಗೆಲ್‌ಬ್ಲೂಮನು ಗಡಿಯ ಸ್ಬೊಂಷಿನ್ ಎಂಬ ಊರಿಗೆ ಹೋಗಿ ನಿರಾಶ್ರಿತರಿಗೆ ಅನ್ನ ವಸತಿಗಳನ್ನು ಒದಗಿಸುವ ಕೆಲಸದಲ್ಲಿ ನಿಂತನು. 1939ರ ಆಗಸ್ಟಿನಲ್ಲಿ ಆತನು ಜಿನೀವಾದ ಒಂದು ಮಹಾಸಭೆಗೆ ಹೋಗಿದ್ದನು. ಯುದ್ಧವು ಬಾಗಿಲಿಗೆ ಬಂದಿದ್ದಿತು. ಅಲ್ಲಿಯೇ ನಿಂತುಬಿಡುವುದು ಅಸಾಧ್ಯವೇನಾಗಿರಲಿಲ್ಲ. ಆತನು ವಾರ್ಸಾಕ್ಕೆ ಹಿಂದಿರುಗಿದನು.

ಸೆಪ್ಟೆಂಬರಿನ ಕೊನೆಯಲ್ಲಿ ವಾರ್ಸಾ ಜರ್ಮನರ ವಶವಾಯಿತು. ಅಕ್ಟೋಬರಿನಿಂದಲೇ ರಿಂಗೆಲ್‌ಬ್ಲೂಮನು ದಿನಚರಿಯನ್ನು ಬರೆಯಲಾರಂಭಿಸಿದನು. ಹಾಳೆಯು ಶತ್ರುವಿನ ಕೈಗೆ ಬಿದ್ದರೆ ಮನೆಯ ಕಾಗದವೆಂದು ತೋರಲಿ ಎಂದು ಮೊದಲು ಮೊದಲು ಬಂಧುಗಳಿಗೆ ಬರೆದ ಪತ್ರದ ರೂಪದಲ್ಲಿ ಅದನ್ನು ಬರೆಯುತ್ತಿದ್ದನು.

ಯೂರೋಪಿನ ಪಟ್ಟಣಗಳಲ್ಲಿ ಹಿಂದಿನ ಕಾಲದಲ್ಲಿ ಯೆಹೂದ್ಯರನ್ನು ಬೇರೆಯಾಗಿ ಇರಿಸುತ್ತಿದ್ದ ಕೇರಿಗೆ ಘೆಟ್ಟೊ ಎಂಬ ಹೆಸರಿದ್ದಿತು. ಆ ಹಳೆಯ ಹೆಸರನ್ನೇ ಇಟ್ಟುಕೊಂಡು ಜರ್ಮನರು ಕಟ್ಟಿದ್ದು ಬೇರೆಯೇ ಒಂದು ವಸ್ತು. ನಗರದ ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 30ರಷ್ಟಿದ್ದವರನ್ನು ನಗರದ ನೆಲದಲ್ಲಿ ಶೇಕಡಾ 2.4ರಷ್ಟು ಸ್ಥಳದೊಳಕ್ಕೆ ತುರುಕಿ, ಸುತ್ತಲೂ ಹತ್ತು ಅಡಿಗೆ ಮೀರಿದ ಗೋಡೆಯನ್ನು ಹಾಕಿ, ಮೇಲೆ ಮುಳ್ಳುತಂತಿಯನ್ನು ಬಿಗಿದು, 1940ರ ನವೆಂಬರ್ 16ರಂದು ದ್ವಾರಗಳನ್ನು ಮುಚ್ಚಿದರು. ಒಳಗೆ 4 ಲಕ್ಷಕ್ಕಿಂತ ಹೆಚ್ಚು ಜನ. ಒಂದೊಂದು ಕೋಣೆಗೆ ಸರಾಸರಿ ಏಳು ಮಂದಿ. ಮನುಷ್ಯನ ದೇಹಧಾರಣೆಗೆ ದಿನಕ್ಕೆ 2,000 ಕ್ಯಾಲೊರಿಯಷ್ಟಾದರೂ ಆಹಾರ ಬೇಕೆಂದು ವೈದ್ಯರು ಹೇಳುತ್ತಾರಷ್ಟೆ. 1941ರಲ್ಲಿ ಯೆಹೂದ್ಯರ ಪಡಿತರ ಚೀಟಿಗೆ ದೊರೆಯುತ್ತಿದ್ದುದು 184 ಕ್ಯಾಲೊರಿ. ಹಸಿವಿನಿಂದಲೂ ಟೈಫಸ್ ಜ್ವರದಿಂದಲೂ 1942ರ ನಡುವಿನೊಳಗೆ ಸತ್ತವರು ಸುಮಾರು 83,000 ಮಂದಿ.

ಪಡಿತರದ ಲೆಕ್ಕವೊಂದನ್ನೇ ನೋಡಿದರೆ ಎಲ್ಲರೂ ಕೆಲವೇ ತಿಂಗಳಲ್ಲಿ ಸಾಯಬೇಕಾಗಿದ್ದಿತು; ಹಾಗೆ ಆಗಲಿಲ್ಲ. ಕಾರಣವೇನೆಂದರೆ, ಊರೊಳಕ್ಕೆ ಬರುತ್ತಿದ್ದ ಆಹಾರದ ಬಹುಭಾಗವು ಕಳ್ಳದಾರಿಯಿಂದ ಬರುತ್ತಿದ್ದಿತು. ಗೋಡೆಯ ಕೆಳಗಿನ ಕಿಂಡಿಗಳಲ್ಲಿ ನುಸುಳಿ, ಅಂಗಿಯೊಳಗೆ ಆಲೂಗೆಡ್ಡೆಗಳನ್ನು ತುಂಬಿಕೊಂಡು ಬರುವ ಏಳೆಂಟು ವರ್ಷದ ಮಕ್ಕಳು ಎಷ್ಟೋ ಸಂಸಾರಗಳ ಯಜಮಾನರಾಗಿದ್ದರು. 1941ರ ಅಕ್ಟೋಬರಿನಿಂದ ಅಪ್ಪಣೆಯಿಲ್ಲದೆ ಗೋಡೆಯಾಚೆ ಹೋದವರಿಗೆ ಮರಣದಂಡನೆಯೆಂದು ಶಾಸನವಾಯಿತು. ಮಕ್ಕಳು ಹೋಗುವುದು ನಿಲ್ಲಲಿಲ್ಲ. ಒಂದೊಂದು ವಠಾರದಲ್ಲಿಯೂ ನಿವಾಸಿಗಳು ಸಮಿತಿಯನ್ನು ಮಾಡಿಕೊಂಡು, ಉಳ್ಳವರಿಂದ ಹಣವನ್ನೂ ಸೌದೆಯನ್ನೂ ಎತ್ತಿ ಇಲ್ಲದವರಿಗೆ ಹಂಚುತ್ತಿದ್ದರು. ಶಾಲೆಗಳು 1941ರ ಶರತ್ಕಾಲದವರೆಗೆ ನಿಷಿದ್ಧವಾಗಿದ್ದವು. ಮಕ್ಕಳ ಊಟದ ಮನೆಗಳಲ್ಲಿ ಊಟದ ನೆಪದಿಂದ ಪಾಠ ನಡೆಯುತ್ತಿದ್ದಿತು. ತಾವೇ ಹಸಿದಿದ್ದ ವೈದ್ಯರು ಹಸಿವೆಯು ದೇಹವನ್ನು ಹೇಗೆ ತಿನ್ನುತ್ತದೆಂಬುದನ್ನು ರೋಗಿಗಳಲ್ಲಿ ಪರೀಕ್ಷಿಸಿ ಬರೆದಿಟ್ಟರು. ಆ ಬರಹವು ಗೋಡೆಯಾಚೆಯ ಪೋಲಿಷ್ ಪ್ರಾಧ್ಯಾಪಕನೊಬ್ಬನ ಕೈ ಸೇರಿ ಉಳಿದು, 1946ರಲ್ಲಿ ಅಚ್ಚಾಯಿತು. ಈ ಪರಸ್ಪರ ಸಹಾಯದ ಕೆಲಸದಲ್ಲಿ ಮುಂದಾಳುಗಳಲ್ಲಿ ಒಬ್ಬನಾಗಿದ್ದುದರಿಂದ ರಿಂಗೆಲ್‌ಬ್ಲೂಮನಿಗೆ ಊರಿನ ಎಲ್ಲ ಮೂಲೆಗಳ ಸುದ್ದಿಯೂ ತಾನಾಗಿ ಬರುತ್ತಿದ್ದಿತು. ಆದರೆ ಒಬ್ಬನ ಲೇಖನಿಗೆ ನಿಲುಕುವ ಕೆಲಸ ಅದಲ್ಲವೆಂದು ಆತನಿಗೆ ತೋರಿತು.

ಘೆಟ್ಟೊ ಮುಚ್ಚಿದ ಆರನೆಯ ದಿನ, ನವೆಂಬರ್ 22ರಂದು, ಆತನು ಗೆಳೆಯರನ್ನು ಕೂಡಿಸಿ ಮಂಡಲಿಯನ್ನು ಸ್ಥಾಪಿಸಿದನು. ಸೇರುತ್ತಿದ್ದುದು ಶನಿವಾರ, ಎಂದರೆ ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು. ಆದುದರಿಂದ 'ಓಯ್ನೆಗ್ ಶಾಬೆಸ್', ಅಂದರೆ 'ಸಬ್ಬತ್ತಿನ ಆನಂದ', ಎಂದು ಹೆಸರಿಟ್ಟರು. ಆ ದಿನ ಮಧ್ಯಾಹ್ನ ನಾಲ್ಕು ಜನ ಕೂಡಿ ಹಾಡಿ ಹರಟುವ ಗೋಷ್ಠಿಗೆ ಆ ಜನರಲ್ಲಿ ರೂಢಿಯಾಗಿರುವ ಹೆಸರೇ ಅದು; ಯಾರಾದರೂ ಕೇಳಿಸಿಕೊಂಡರೂ ಸಂಶಯಪಡುವಂತಿರಲಿಲ್ಲ. ಅರ್ಥಶಾಸ್ತ್ರವನ್ನು ಬಲ್ಲ ಹೆರ್ಷ್ ವಾಸ್ಸೆರ್ ಎಂಬಾತನೂ ಉಪಾಧ್ಯಾಯನಾದ ಎಲಿಯಾಹು ಗುಟ್ಕೊವ್‌ಸ್ಕಿಯೂ ಕಾರ್ಯದರ್ಶಿಗಳಾದರು. ಕಾಲಕ್ರಮದಲ್ಲಿ ಐವತ್ತು ಅರುವತ್ತು ಮಂದಿ ಇದರಲ್ಲಿ ದುಡಿದರು. ಪ್ರಶ್ನಾವಳಿಗಳನ್ನು ಸಿದ್ಧಮಾಡುವುದು, ಹಳ್ಳಿಗಳಿಂದ ಓಡಿಬಂದ ನಿರಾಶ್ರಿತರನ್ನು ಕೇಳಿ ಬರೆದುಕೊಳ್ಳುವುದು, ಒಂದೊಂದು ಲೇಖಕ್ಕೂ ಪ್ರತಿಗಳನ್ನು ಮಾಡುವುದು, ಎಲ್ಲವೂ ಕ್ರಮವಾಗಿ ನಡೆಯಿತು.

ಕೂಡಿಸಿದ ವಸ್ತುಗಳ ವೈವಿಧ್ಯವು ಆಶ್ಚರ್ಯಕರವಾದುದು. ಜರ್ಮನರ ಆಜ್ಞಾಪತ್ರಗಳು, ಗುಪ್ತವಾಗಿ ಅಚ್ಚಾಗುತ್ತಿದ್ದ ಪತ್ರಿಕೆಗಳು, ಅಂಚೆಯ ಕಾರ್ಡುಗಳು, ಧರ್ಮಗುರುಗಳ ಪ್ರವಚನಗಳು ಇವು ಸರಿಯೇ. ಇವುಗಳ ಜೊತೆಗೆ ಟ್ರಾಮಿನ ಚೀಟಿ, ಮಿಠಾಯಿಯ ಹೊದಿಕೆ ಕಾಗದ, ನಾಟಕದ ಭಿತ್ತಿಪತ್ರ, ಶಾಲೆಯ ಮಕ್ಕಳು ಬರೆದ ಪ್ರಬಂಧ, ಬೀದಿಯ ಹಾಸ್ಯದ ಮಾತುಗಳು ಕೂಡ ಪೆಟ್ಟಿಗೆಯನ್ನು ಸೇರಿದವು. ಕಸದ ಬುಟ್ಟಿಗೆ ಹೋಗತಕ್ಕ ಮಿಠಾಯಿಯ ಕಾಗದವನ್ನು ಚರಿತ್ರಕಾರನೊಬ್ಬನು ನೀವಿ ಮಡಿಸಿ ಇಡಬೇಕಾದರೆ, ಆ ಮಿಠಾಯಿಯನ್ನು ಮಾಡಿದವನು, ಮಾರಿದವನು, ತಿಂದ ಮಗು, ಯಾರೂ ಸಾಕ್ಷಿಗೆ ಉಳಿಯಲಾರರೆಂಬ ಭಯವು ಆತನ ಮನಸ್ಸಿನ ಮೂಲೆಯಲ್ಲಿ ಆಗಲೇ ಇದ್ದಿರಬೇಕು.

ಬರೆದವರಲ್ಲಿ ಕೆಲವರನ್ನಾದರೂ ಇಲ್ಲಿ ಹೆಸರಿಸಬೇಕು. ಪೆರೆಟ್ಸ್ ಓಪೊಚಿನ್‌ಸ್ಕಿ ಎಂಬ ಬಡ ಪತ್ರಿಕಾಲೇಖಕನು ಘೆಟ್ಟೊದಲ್ಲಿ ಅಂಚೆಯ ಜವಾನನಾಗಿದ್ದನು. ಮನೆಮನೆಯ ಮೆಟ್ಟಿಲುಗಳನ್ನು ಹತ್ತಿ ಇಳಿಯುವಾಗ ಕಂಡುದನ್ನೆಲ್ಲ, ಕಾಗದಕ್ಕಾಗಿ ಕಾದು ನಿಂತವರ ಮುಖವನ್ನು, ವಠಾರಸಮಿತಿಗಳ ಜಗಳವನ್ನು, ಗೋಡೆಯ ಬಳಿಯ ಕಳ್ಳವ್ಯಾಪಾರವನ್ನು, ಆತನು ಬರೆದನು. ಸೆಸಿಲಿಯಾ ಸ್ವಾಪಕೋವಾ ಎಂಬ ವಿದುಷಿಯು ನಾನಾ ವರ್ಗದ ಹೆಂಗಸರನ್ನು ಕಂಡು, ಗಂಡಂದಿರು ಓಡಿಹೋಗಿ ಅಥವಾ ಸತ್ತು ಸಂಸಾರದ ಭಾರವು ಅವರ ಮೇಲೆ ಬಿದ್ದಾಗ ಹೇಗೆ ನಿಂತರೆಂಬುದನ್ನು ಕೇಳಿ ಬರೆದಳು. ಶಿಮೋನ್ ಹುಬರ್‌ಬಾಂಡ್ ಎಂಬ ಯುವಕ ಧರ್ಮಗುರುವು 1939ರ ಸೆಪ್ಟೆಂಬರಿನ ಬಾಂಬುಗಳಲ್ಲಿ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡು ವಾರ್ಸಾಕ್ಕೆ ಬಂದವನು. ಗಡ್ಡವನ್ನು ಬಲಾತ್ಕಾರದಿಂದ ಕತ್ತರಿಸಿದುದು, ಮುಚ್ಚಿದ ಸ್ನಾನಗೃಹಗಳಿಗೆ ಜನರು ಗುಟ್ಟಾಗಿ ಹೋಗುತ್ತಿದ್ದುದು, ನೆಲಮಾಳಿಗೆಯ ಪ್ರಾರ್ಥನೆ, ಹೀಗೆ ಆಚಾರಪರರ ಬಾಳನ್ನು ದಾಖಲೆ ಮಾಡುವ ಕೆಲಸವನ್ನು ಆತನು ವಹಿಸಿಕೊಂಡನು. ಮಂಡಲಿಯ ಮುಖ್ಯರು ಬಹುಮಟ್ಟಿಗೆ ಸಮಾಜವಾದಿಗಳು. ಮತಾಚಾರಗಳಲ್ಲಿ ಅವರಿಗೆ ಅಷ್ಟಾಗಿ ಆಸ್ಥೆಯಿರಲಿಲ್ಲ. ಆದರೂ ಆತನ ಬರಹಕ್ಕೆ ಅವರು ಕೊಟ್ಟ ಬೆಲೆಯೇನೂ ಕಡಿಮೆಯಲ್ಲ.

ಗಂಜಿ ಕೇಂದ್ರದ ಪ್ರಶ್ನೆಯು ಇವರೆಲ್ಲರನ್ನೂ ಕಾಡಿದ ಧರ್ಮಸಂಕಟ. ಲೆಷ್ನೊ ಬೀದಿಯ 40ನೆಯ ಸಂಖ್ಯೆಯ ಕಟ್ಟಡದಲ್ಲಿ ಬಡವರಿಗೆ ಸೂಪು ಹಂಚುವ ಪಾಕಶಾಲೆಯೊಂದನ್ನು ರಾಹೇಲ್ ಆವರ್‌ಬಾಖ್ ಎಂಬ ಲೇಖಕಿಯು ನಡೆಸುತ್ತಿದ್ದಳು. ಯುದ್ಧದ ಆರಂಭದಲ್ಲಿ ಆಕೆ ಊರು ಬಿಡಲು ಅಣಿಯಾಗಿದ್ದಾಗ, ಎಲ್ಲರೂ ಹೊರಟುಬಿಟ್ಟರೆ ಆಗದೆಂದು ಹೇಳಿ ನಿಲ್ಲಿಸಿ ಈ ಕೆಲಸಕ್ಕೆ ಹಚ್ಚಿದವನು ರಿಂಗೆಲ್‌ಬ್ಲೂಮನೇ. ಪಾತ್ರೆಯಲ್ಲಿದ್ದುದು ನೀರಿನಂತಹ ಸಾರು. ಅದನ್ನೇ ನಂಬಿದವನ ಕಾಲು ಮೊದಲು ಊದುತ್ತಿದ್ದಿತು, ಆಮೇಲೆ ಅವನು ಬರುವುದೇ ನಿಲ್ಲುತ್ತಿದ್ದಿತು. ಜರ್ಮನಿಯಿಂದ ಹೊರದೂಡಲ್ಪಟ್ಟು ಬಂದಿದ್ದ ದೃಢಕಾಯನಾದ ಒಬ್ಬನನ್ನಾದರೂ ಉಳಿಸಬೇಕೆಂದು ಆಕೆ ಹೆಚ್ಚಿನ ಪಾಲನ್ನು ಕೊಟ್ಟು ನೋಡಿದಳು, ಅವನೂ ಸತ್ತನು. ಈ ಪಾಕಶಾಲೆಯಿಂದ ಯಾರಾದರೂ ಬದುಕಿದರೆ, ಅಥವಾ ಸಾಯುವ ಕಾಲವನ್ನು ತಿಂಗಳೆರಡು ತಿಂಗಳು ಮುಂದಕ್ಕೆ ಹಾಕಿದುದಷ್ಟೇ ಆಯಿತೆ, ಎಂಬ ಪ್ರಶ್ನೆಯನ್ನು ಆಕೆ ಮುಚ್ಚಿಡದೆ ತನ್ನ ವರದಿಯಲ್ಲಿ ಬರೆದಳು. 1942ರ ಮೇ ತಿಂಗಳಿನಲ್ಲಿ ರಿಂಗೆಲ್‌ಬ್ಲೂಮನ ದಿನಚರಿಯಲ್ಲಿಯೂ ಅದೇ ಪ್ರಶ್ನೆ ಇನ್ನೂ ಕಠಿನವಾದ ರೂಪದಲ್ಲಿ ಬಂದಿದೆ. ಇರುವ ಅಲ್ಪವನ್ನು ಎಲ್ಲರಿಗೂ ಚಮಚೆ ಚಮಚೆ ಹಂಚಿದರೆ ಯಾರೂ ಉಳಿಯುವುದಿಲ್ಲ. ಕೆಲವರನ್ನು ಆರಿಸಿ ಹೊಟ್ಟೆತುಂಬ ಕೊಟ್ಟರೆ ಅವರಾದರೂ ಉಳಿಯಬಹುದು. ಆದರೆ ಆರಿಸುವವನು ಯಾರು, ಯಾವ ಅಳತೆಯಿಂದ? ಆತನು ಉತ್ತರವನ್ನು ಬರೆಯಲಿಲ್ಲ. ಸೂಪು ಹಂಚುವುದು ಎಂದಿನಂತೆ ನಡೆಯಿತು.

ಈ ಜನರ ಸತ್ಯನಿಷ್ಠೆಗೆ ಇನ್ನೊಂದು ನಿದರ್ಶನವುಂಟು. ಜರ್ಮನರು ಘೆಟ್ಟೊದ ಒಳಾಡಳಿತವನ್ನು ಯೆಹೂದ್ಯರ ಒಂದು ಮಂಡಳಿಗೆ ವಹಿಸಿ, ಅದರ ಕೈಕೆಳಗೆ ಯೆಹೂದ್ಯರದೇ ಒಂದು ಪೊಲೀಸು ದಳವನ್ನು ಇಟ್ಟಿದ್ದರು. ಲಂಚ, ದರ್ಪ, ಕಡೆಗೆ ಸ್ವಜನರನ್ನೇ ಹಿಡಿದುಕೊಡುವುದು, ಈ ದಳದವರ ಇಂತಹ ಕೃತ್ಯಗಳನ್ನು ಮಂಡಲಿಯವರು ಎಲ್ಲಿಯೂ ಮರೆಮಾಚಲಿಲ್ಲ. ಬಡವರು ಬೀದಿಯಲ್ಲಿ ಸಾಯುತ್ತಿದ್ದಾಗ ಪಕ್ಕದ ಹೋಟಲಿನಲ್ಲಿ ಉಳ್ಳವರು ಮದ್ಯಮಾಂಸಗಳೊಡನೆ ಊಟಮಾಡುತ್ತಿದ್ದುದನ್ನೂ ಬರೆದಿಟ್ಟರು. ಹಾಗೆಯೇ ಶತ್ರುಪಕ್ಷದ ಸೈನಿಕನೊಬ್ಬನು ಎಲ್ಲಿಯಾದರೂ ಕರುಣೆ ತೋರಿಸಿದ್ದರೆ ಅದೂ ದಾಖಲೆಯಲ್ಲಿದೆ. ರಾಗದ್ವೇಷಗಳನ್ನು ಬಿಟ್ಟು ನ್ಯಾಯಾಧಿಪತಿಯಂತೆ ಹಿಂದಿನದನ್ನು ಹೇಳುವವನೇ ಶ್ಲಾಘ್ಯನೆಂದು ಕಲ್ಹಣ ಪಂಡಿತನು ರಾಜತರಂಗಿಣಿಯ ಮೊದಲಲ್ಲಿಯೇ ಹೇಳಿರುವನಷ್ಟೆ. ಆದರೆ ಕಲ್ಹಣನು ಬರೆದುದು ಬಹುಮಟ್ಟಿಗೆ ಗತಿಸಿಹೋದ ರಾಜರನ್ನು ಕುರಿತು. ಇವರು ಬರೆದುದು ತಮ್ಮ ಕುತ್ತಿಗೆಯ ಮೇಲೆ ಕಾಲಿಟ್ಟವರನ್ನು ಕುರಿತು, ಮತ್ತು ಅಂತಹವರಿಗೆ ನೆರವಾದ ತಮ್ಮವರನ್ನು ಕುರಿತು. ಇಂತಹ ಸಮಯದಲ್ಲಿ ತಮ್ಮವರ ದೋಷವನ್ನು ಬರೆಯುವುದು ಶತ್ರುವಿಗೆ ಆಯುಧವನ್ನು ಕೊಟ್ಟಂತಾಗದೆ ಎಂದು ಕೇಳುವವರು ಇರಬಹುದು. ಒಂದು ಕಡೆಯನ್ನು ಮರೆಮಾಚಿದ ಬರಹಕ್ಕೆ ಇನ್ನೊಂದು ಕಡೆಯ ಸಾಕ್ಷಿಯಲ್ಲಿಯೂ ಬೆಲೆ ಉಳಿಯದೆಂಬುದು ರಿಂಗೆಲ್‌ಬ್ಲೂಮನ ನಿಲವಾಗಿದ್ದಿತು.

ಮೊದಲು ಈ ಕೆಲಸವು ಯುದ್ಧಾನಂತರದ ವಿದ್ವಾಂಸರಿಗಾಗಿ ನಡೆಯುತ್ತಿದ್ದಿತು. 1942ರ ಮೊದಲಲ್ಲಿ ಅದರ ಉದ್ದೇಶವೇ ಬದಲಾಯಿತು. ವಾರ್ಸಾದ ಪಶ್ಚಿಮಕ್ಕೆ ದೂರದಲ್ಲಿರುವ ಹೆಲ್ಮ್ನೊ ಎಂಬ ಹಳ್ಳಿಯಲ್ಲಿ 1941ರ ಡಿಸೆಂಬರಿನಿಂದ ಜರ್ಮನರು ಯೆಹೂದ್ಯರನ್ನು ಮುಚ್ಚಿದ ಮೋಟಾರು ಲಾರಿಗಳಲ್ಲಿ ತುಂಬಿ ವಿಷವಾಯುವಿನಿಂದ ಕೊಂದು ಕಾಡಿನಲ್ಲಿ ಹೂಳುತ್ತಿದ್ದರು. ಹೆಣ ಹೂಳುವ ಕೆಲಸಕ್ಕೆ ಹಿಡಿಯಲ್ಪಟ್ಟಿದ್ದ ಒಬ್ಬ ಯುವಕನು ಜನವರಿಯಲ್ಲಿ ತಪ್ಪಿಸಿಕೊಂಡು ಅಲೆದಲೆದು ವಾರ್ಸಾವನ್ನು ಮುಟ್ಟಿದನು. ಹೆರ್ಷ್ ವಾಸ್ಸೆರನೂ ಅವನ ಹೆಂಡತಿ ಬ್ಲೂಮಾಳೂ ಅವನನ್ನು ಉಪಚರಿಸಿ, ಅವನು ಹೇಳಿದುದನ್ನು ಮೊದಲಿನಿಂದ ಕೊನೆಯವರೆಗೆ ಬರೆದುಕೊಂಡರು. ಮಂಡಲಿಯು ಅದನ್ನು ಪೋಲಿಷ್ ಭಾಷೆಗೆ ತಿರುಗಿಸಿ, ಪೋಲೆಂಡಿನ ಗುಪ್ತ ಪ್ರತಿರೋಧ ಸಂಸ್ಥೆಗೆ ತಲಪಿಸಿತು. ಆ ಯುವಕನನ್ನು ದೂರದ ಊರಿಗೆ ಕಳುಹಿಸಿದರು. ಅವನು ಏಪ್ರಿಲಿನಲ್ಲಿ ಬೆಲ್‌ಜೆಟ್ಸ್ ಎಂಬಲ್ಲಿಯ ಕೊಲೆಯ ಶಿಬಿರಕ್ಕೆ ಸಿಕ್ಕಿ ಸತ್ತನು. ಜೂನ್ 26ರಂದು ಲಂಡನ್ನಿನ ಬಿ.ಬಿ.ಸಿ. ಆಕಾಶವಾಣಿಯು ಪೋಲೆಂಡಿನ ಯೆಹೂದ್ಯರ ಕೊಲೆಗಳ ಸುದ್ದಿಯನ್ನು ಪ್ರಸಾರಮಾಡಿದಾಗ ರಿಂಗೆಲ್‌ಬ್ಲೂಮನು ಅತ್ಯಂತ ಸಮಾಧಾನದಿಂದ ಅದನ್ನು ದಿನಚರಿಯಲ್ಲಿ ಬರೆದುಕೊಂಡನು. ಲೋಕಕ್ಕೆ ತಿಳಿದರೆ ಲೋಕವು ತಡೆಯುವುದೆಂದು ಆತನು ನಂಬಿದನು. ಲೋಕಕ್ಕೆ ತಿಳಿಯಿತು, ತಡೆಯುವವರು ಬರಲಿಲ್ಲ.

ಜುಲೈ 22ರಂದು ವಾರ್ಸಾ ಘೆಟ್ಟೊವನ್ನು ಖಾಲಿ ಮಾಡುವ ಕೆಲಸ ಆರಂಭವಾಯಿತು. ಪೂರ್ವದಿಕ್ಕಿನಲ್ಲಿ ಕೆಲಸಕ್ಕೆ ಕಳುಹಿಸುವೆವೆಂದು ಹೇಳಿ, ದಿನವೂ ಸಾವಿರಾರು ಮಂದಿಯನ್ನು ದನಗಳನ್ನು ಸಾಗಿಸುವ ರೈಲಿನ ಡಬ್ಬಿಗಳಲ್ಲಿ ತುಂಬಿ, ಸುಮಾರು 50 ಮೈಲಿ ದೂರದ ಟ್ರೆಬ್ಲಿಂಕಾಕ್ಕೆ ಒಯ್ದು ಕೊಂದರು. ಯೆಹೂದ್ಯ ಮಂಡಳಿಯ ಅಧ್ಯಕ್ಷನಾದ ಆಡಮ್ ಚೆರ್ನ್ಯಾಕೋವನು ಮರುದಿನವೇ ವಿಷವನ್ನು ಕುಡಿದು ಪ್ರಾಣಬಿಟ್ಟನು. ಸೆಪ್ಟೆಂಬರಿನೊಳಗೆ ಹೀಗೆ ಹೋದವರು ಸುಮಾರು 2,65,000 ಮಂದಿ. ಅನಾಥಾಲಯವನ್ನು ನಡೆಸುತ್ತಿದ್ದ ಪ್ರಸಿದ್ಧ ವೈದ್ಯನೂ ಲೇಖಕನೂ ಆದ ಯಾನುಷ್ ಕೊರ್ಚಾಕನು ತನ್ನ ಸುಮಾರು 200 ಮಕ್ಕಳೊಡನೆ ಆಗಸ್ಟಿನ ಮೊದಲ ವಾರದಲ್ಲಿ ಹೋದನು. ಹುಬರ್‌ಬಾಂಡನು ಅದೇ ತಿಂಗಳು ಹೋದನು.

ಈ ಗಲಭೆಯ ನಡುವೆ ಲೇಖಗಳನ್ನು ಉಳಿಸುವ ಭಾರವನ್ನು ಹೊತ್ತವನು ಇಸ್ರೇಲ್ ಲಿಖ್ಟೆನ್‌ಸ್ಟೈನ್ ಎಂಬ ಶಾಲೆಯ ಉಪಾಧ್ಯಾಯ. ನೊವೊಲಿಪ್ಕಿ ಬೀದಿಯ 68ನೆಯ ಸಂಖ್ಯೆಯ ಕಟ್ಟಡದಲ್ಲಿ ಆತನ ಶಾಲೆ ಇದ್ದಿತು. ಆಗಸ್ಟ್ 3ರಂದು ಆತನೂ, ದಾವೀದ್ ಗ್ರಾಬರ್ ಮತ್ತು ನಾಹುಮ್ ಗ್ಝಿವಾಚ್ ಎಂಬ ಇಬ್ಬರು ಹುಡುಗರೂ ಕೂಡಿ, ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ಬರಹಗಳನ್ನು ತುಂಬಿ ಶಾಲೆಯ ನೆಲಮಾಳಿಗೆಯಲ್ಲಿ ಹೂತರು. ಹುಡುಗರಿಗೆ ಹತ್ತೊಂಬತ್ತು, ಹದಿನೆಂಟು ವರ್ಷ. ಹೂಳುವ ಮುಂಚೆ ಮೂವರೂ ತಮ್ಮ ತಮ್ಮ ಮರಣಶಾಸನದಂತಹ ಒಂದೊಂದು ಕಾಗದವನ್ನು ಬರೆದು ಪೆಟ್ಟಿಗೆಗಳಲ್ಲಿಯೇ ಇಟ್ಟರು. ಗ್ರಾಬರನು ಈ ನಿಧಿಯನ್ನು ಮುಂದೆ ಅಗೆದು ತೆಗೆಯುವ ದಿನವನ್ನು ನೋಡಬೇಕೆಂಬ ಆಸೆಯನ್ನು ತೋಡಿಕೊಂಡಿದ್ದಾನೆ. ಗ್ಝಿವಾಚನು ಬರೆಯುತ್ತಿರುವಾಗಲೇ ತನ್ನ ತಂದೆತಾಯಿಗಳ ಬೀದಿಯನ್ನು ಪೊಲೀಸರು ಸುತ್ತುಗಟ್ಟಿದರೆಂಬ ಸುದ್ದಿ ಬಂದಿತು. ಅದನ್ನೂ ಬರೆದು, ಅವರನ್ನು ನೋಡಲು ಓಡುತ್ತಿರುವೆನೆಂದು ತಿಳಿಸಿ, ತನ್ನ ಹೆಸರು ಮರೆಯದಿರಲೆಂದು ಕೇಳಿಕೊಂಡು ಕಾಗದವನ್ನು ಮುಗಿಸಿದ್ದಾನೆ. ಲಿಖ್ಟೆನ್‌ಸ್ಟೈನನು ತನಗೆ ಹೊಗಳಿಕೆಯಾಗಲಿ ಸ್ಮಾರಕವಾಗಲಿ ಬೇಡವೆಂದನು. ಆದರೆ ಚಿತ್ರಗಾರ್ತಿಯಾದ ತನ್ನ ಹೆಂಡತಿ ಗೆಲೆ ಸೆಕ್‌ಸ್ಟೈನಳನ್ನೂ, ಇಪ್ಪತ್ತು ತಿಂಗಳ ಮಗಳು ಮಾರ್ಗಲಿಟ್ಟಳನ್ನೂ ಜನರು ನೆನೆಯಬೇಕೆಂದು ಬರೆದನು. ಗೆಲೆಯ ಚಿತ್ರಗಳನ್ನೂ ಅದೇ ಪೆಟ್ಟಿಗೆಗಳಲ್ಲಿ ಇಟ್ಟನು. ಮೂವರಲ್ಲಿ ಒಬ್ಬನೂ ಯುದ್ಧದ ಕೊನೆಯನ್ನು ಕಾಣಲಿಲ್ಲ. ತಾಯಿ ಮಗಳೂ ಕಾಣಲಿಲ್ಲ.

ಅಳಿದುಳಿದವರು ಆಮೇಲೆಯೂ ಬರೆದರು. ಟ್ರೆಬ್ಲಿಂಕಾದಿಂದ ತಪ್ಪಿಸಿಕೊಂಡು ಬಂದ ಅಬ್ರಹಾಂ ಕ್ಷೆಪಿಟ್ಸ್‌ಕಿ ಎಂಬಾತನ ಹೇಳಿಕೆಯನ್ನು ರಾಹೇಲಳು ಕುಳಿತು ಬರೆದುಕೊಂಡಳು. 1943ರ ಫೆಬ್ರವರಿಯಲ್ಲಿ ಹೊಸ ಬರಹಗಳನ್ನು ಹಾಲು ಸಾಗಿಸುವ ಎರಡು ಲೋಹದ ಕ್ಯಾನುಗಳಲ್ಲಿ ತುಂಬಿ ಅದೇ ಶಾಲೆಯ ನೆಲದಡಿಯಲ್ಲಿ ಹೂತರು. ಏಪ್ರಿಲ್ 19ರಂದು, ಉಳಿದವರನ್ನೂ ಸಾಗಿಸಲು ಜರ್ಮನ್ ಸೇನೆಯು ಒಳನುಗ್ಗಿದಾಗ ಘೆಟ್ಟೊದ ತರುಣರು ಪಿಸ್ತೂಲು ಕೈಬಾಂಬುಗಳಿಂದ ಎದುರಿಸಿ ನಿಂತು ಸುಮಾರು ನಾಲ್ಕು ವಾರ ಕಾದಾಡಿದರು. ಈ ದಂಗೆಯ ಕಥೆಯು ಬೇರೆ ಕಡೆಗಳಲ್ಲಿ ವಿಸ್ತಾರವಾಗಿ ಬಂದಿರುವುದರಿಂದ ಇಲ್ಲಿ ಹೇಳಬೇಕಾಗಿಲ್ಲ. ಮನೆಗೊಂದೊಂದರಂತೆ ಬೆಂಕಿಯಿಟ್ಟು ಜರ್ಮನರು ಆ ಕೇರಿಯನ್ನೆಲ್ಲ ಇಟ್ಟಿಗೆಯ ಗುಡ್ಡೆಯಾಗಿ ಮಾಡಿದರು.

ಆ ವಸಂತದಲ್ಲಿ ರಿಂಗೆಲ್‌ಬ್ಲೂಮನು ಸೆರೆಸಿಕ್ಕಿ ಟ್ರಾವ್ನಿಕಿಯ ದುಡಿಮೆಯ ಶಿಬಿರವನ್ನು ಸೇರಿದನು. ಪೋಲಿಷ್ ರೈಲ್ವೆಯ ನೌಕರನೊಬ್ಬನೂ ಯೆಹೂದ್ಯ ತರುಣಿಯೊಬ್ಬಳೂ ಹೋಗಿ ಆತನನ್ನು ಉಪಾಯದಿಂದ ಹೊರತಂದು ಮತ್ತೆ ವಾರ್ಸಾಕ್ಕೆ ಸೇರಿಸಿದರು. ಗ್ರುಯೆಟ್ಸ್ಕಾ ಬೀದಿಯಲ್ಲಿ ಮ್ಯೆಚಿಸ್ಲಾವ್ ವೋಲ್‌ಸ್ಕಿ ಎಂಬ ಪೋಲಿಷ್ ತೋಟಗಾರನು ತನ್ನ ಗಾಜಿನ ಸಸ್ಯಗೃಹದ ಕೆಳಗೆ ನೆಲವನ್ನು ಅಗೆದು ಸುಮಾರು 40 ಮಂದಿ ಯೆಹೂದ್ಯರನ್ನು ಬಚ್ಚಿಟ್ಟಿದ್ದನು. ರಿಂಗೆಲ್‌ಬ್ಲೂಮನೂ ಹೆಂಡತಿ ಯೆಹೂದಿತಳೂ ಮಗ ಊರಿಯೂ ಅಲ್ಲಿದ್ದರು. ಆ ಇಕ್ಕಟ್ಟಿನ ಗುಹೆಯಲ್ಲಿ ಆತನು ಯುದ್ಧಕಾಲದಲ್ಲಿ ಪೋಲರಿಗೂ ಯೆಹೂದ್ಯರಿಗೂ ಇದ್ದ ಸಂಬಂಧವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಕೈಹಿಡಿದ ಪೋಲರನ್ನು ಮರೆಯಲಿಲ್ಲ, ಹಿಡಿದುಕೊಟ್ಟವರನ್ನು ಕ್ಷಮಿಸಲಿಲ್ಲ. 1944ರ ಮಾರ್ಚ್ 7ರಂದು ಅಡಗುತಾಣವು ಪತ್ತೆಯಾಯಿತು. ಪಾವ್ಯಾಕ್ ಸೆರೆಮನೆಯಲ್ಲಿದ್ದು ಮುಂದೆ ಬದುಕುಳಿದ ಬಂದಿಯೊಬ್ಬನ ಹೇಳಿಕೆಯಂತೆ, ಆತನೊಬ್ಬನನ್ನು ಕುಶಲಕರ್ಮಿಗಳ ಗುಂಪಿನಲ್ಲಿ ಸೇರಿಸಿ ಉಳಿಸುವ ಸಲಹೆಯು ಬಂದಿತು. ಹೆಂಡತಿ ಮಗನ ಗತಿಯೇನೆಂದು ಆತನು ಕೇಳಿದನು. ಉತ್ತರ ತಿಳಿದ ಮೇಲೆ ಬೇಡವೆಂದನು. ಕೆಲವು ದಿನಗಳಲ್ಲಿ ಮೂವರನ್ನೂ ಕೊಂದರು. ಅವರೊಡನೆ ತೋಟಗಾರ ವೋಲ್‌ಸ್ಕಿಯೂ ಅವನ ಸೋದರಸಂಬಂಧದ ತರುಣನೊಬ್ಬನೂ ಹತರಾದರು.

ಮಂಡಲಿಯವರಲ್ಲಿ ಯುದ್ಧದಿಂದ ಪಾರಾದವರು ಮೂವರೇ ಎಂದು ಹೇಳುತ್ತಾರೆ: ಹೆರ್ಷ್ ವಾಸ್ಸೆರ್, ಬ್ಲೂಮಾ, ರಾಹೇಲ್ ಆವರ್‌ಬಾಖ್. ರಾಹೇಲಳು ಘೆಟ್ಟೊ ಸುಡುವ ಮುಂಚೆ ಗೋಡೆಯಾಚೆಗೆ ದಾಟಿ, ಪೋಲಿಷ್ ಹೆಂಗಸಿನ ವೇಷದಲ್ಲಿ ಬದುಕಿ, ರಾತ್ರಿಗಳಲ್ಲಿ ಬರೆಯುತ್ತಿದ್ದಳು. ಯುದ್ಧ ಮುಗಿದ ಮೇಲೆ ಆಕೆ ಸಭೆಯಲ್ಲಿಯೂ ಪತ್ರಿಕೆಯಲ್ಲಿಯೂ, ಇಟ್ಟಿಗೆಗಳ ಕೆಳಗೆ ಜನಾಂಗದ ಆಸ್ತಿಯಿದೆ, ಅದನ್ನು ಅಗೆಯಬೇಕು ಎಂದು ಬಿಡದೆ ಒತ್ತಾಯಪಡಿಸಿದಳು. ಮನೆಯಿಲ್ಲದೆ ಬಟ್ಟೆಯಿಲ್ಲದೆ ಇದ್ದ ಜನರಲ್ಲಿ ಕಾಗದಗಳಿಗಾಗಿ ಹಣ ಖರ್ಚುಮಾಡುವುದೆ ಎಂದವರೂ ಇದ್ದರು. ಕಡೆಗೆ, ಹೂತ ಸ್ಥಳವನ್ನು ತಿಳಿದಿದ್ದ ವಾಸ್ಸೆರನ ಮಾರ್ಗದರ್ಶನದಲ್ಲಿ ಅಗೆತವು ನಡೆಯಿತು. ಬೀದಿಗಳ ಗುರುತೇ ಅಳಿದುಹೋಗಿದ್ದಿತು. ನೊವೊಲಿಪ್ಕಿ ಎಲ್ಲಿ, ಅದರಲ್ಲಿ 68ನೆಯ ಮನೆ ಎಲ್ಲಿ ಎಂಬುದನ್ನು ಅಳೆದು ಅಳೆದು ಗೊತ್ತುಮಾಡಬೇಕಾಯಿತು. 1946ರ ಸೆಪ್ಟೆಂಬರ್ 18ರಂದು ಹತ್ತು ಪೆಟ್ಟಿಗೆಗಳೂ ಸಿಕ್ಕಿದವು. ತಗಡಿನೊಳಕ್ಕೆ ನೀರು ಇಳಿದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಷ್ಟೋ ಕಡೆ ಮಸಿ ಕದಡಿ ಹೋಗಿದ್ದಿತು. ಅವನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದರು. ಹಾಲಿನ ಕ್ಯಾನುಗಳು 1950ರ ಡಿಸೆಂಬರ್ 1ರಂದು ಹೊಸ ಕಟ್ಟಡಗಳಿಗಾಗಿ ನೆಲವನ್ನು ಅಗೆಯುವಾಗ ದೊರೆತವು. ಅವುಗಳಲ್ಲಿದ್ದ ಬರಹವು ಹೆಚ್ಚು ಕೆಡದೆ ಉಳಿದಿದ್ದಿತು. ಘೆಟ್ಟೊದ ಕತ್ತಲೆಯಲ್ಲಿ ಶಿಷ್ಯರಿಗೆ ಉಪದೇಶಿಸುತ್ತಿದ್ದ ಕಲೊನಿಮುಸ್ ಶಪಿರಾ ಎಂಬ ಧರ್ಮಗುರುವಿನ ಪ್ರವಚನಗಳೂ ಈ ಲೇಖನಿಧಿಯಲ್ಲಿ ದೊರೆತು, 1960ರಲ್ಲಿ ಪುಸ್ತಕವಾಗಿ ಅಚ್ಚಾದವು. ಎರಡೂ ಕೂಡಿ ಸುಮಾರು 35,000 ಪುಟಗಳು. ವಾರ್ಸಾದ ಯೆಹೂದ್ಯ ಇತಿಹಾಸ ಸಂಸ್ಥೆಯು ಇವನ್ನು ರಕ್ಷಿಸಿದೆ. 1999ರಲ್ಲಿ ಯುನೆಸ್ಕೊ ಸಂಸ್ಥೆಯು ಜಗತ್ತಿನ ಸ್ಮೃತಿಯ ಪಟ್ಟಿಯಲ್ಲಿ ಇವನ್ನು ಸೇರಿಸಿತು.

ರಾಹೇಲಳು ತರುವಾಯ ಇಸ್ರೇಲಿಗೆ ಹೋಗಿ, ಜೆರೂಸಲೇಮಿನ ಯಾದ್ ವಾಷೆಮ್ ಸ್ಮಾರಕಸಂಸ್ಥೆಯಲ್ಲಿ ಬದುಕುಳಿದವರ ಹೇಳಿಕೆಗಳನ್ನು ಬರೆದುಕೊಳ್ಳುವ ಶಾಖೆಯನ್ನು 1954ರಿಂದ ನಡೆಸಿದಳು; ವಾರ್ಸಾದಲ್ಲಿ ಕಲಿತ ಕೆಲಸವನ್ನೇ ಮುಂದುವರಿಸಿದಳೆನ್ನಬಹುದು. 1976ರಲ್ಲಿ ತೀರಿಕೊಂಡಳು. ಮಂಡಲಿಯವರು ದಂಗೆಗೆ ಸ್ವಲ್ಪ ಮುಂಚೆ ಮೂರನೆಯ ಒಂದು ಕಂತನ್ನು ಷ್ವೆಂತೊಯೆರ್ಸ್ಕಾ ಬೀದಿಯ 34ನೆಯ ಸಂಖ್ಯೆಯ ಕಟ್ಟಡದಲ್ಲಿ ಹೂತಿದ್ದರು. ಆ ಜಾಗದಲ್ಲಿ ಅಗೆದಾಗ ಅರೆಸುಟ್ಟ ಕೆಲವು ಹಾಳೆಗಳ ವಿನಾ ಬೇರೇನೂ ಸಿಕ್ಕಲಿಲ್ಲ. ಅದರಲ್ಲಿ ಯಾರು ಯಾರ ಬರಹಗಳಿದ್ದುವೋ ಅವರ ಮಾತು ಇನ್ನೂ ಮಣ್ಣಿನಲ್ಲಿಯೇ ಇದೆ.